ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಹಳೆಯ ಎಸ್‌ಎಂಪಿಎಸ್ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. 2019ರಲ್ಲಿ ಅಣ್ಣ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಈಗ ನನ್ನ ಪಾಲಿಗೆ ಬಂದಿದೆ. ಐ5 9400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ ಕಾರ್ಡ್. 3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶ ಕಲಿಯುತ್ತಿದ್ದೇನೆ, ಆಗಾಗ ಗೇಮ್ ಕೂಡ ಆಡುತ್ತೇನೆ. ಪರಿಚಯದವರೊಬ್ಬರು ಬಳಸಿದ ಆರ್‌ಟಿಎಕ್ಸ್ 3060 (12 ಜಿಬಿ) ಕೊಡುತ್ತಾರಂತೆ. ಕ್ಯಾಬಿನೆಟ್ ಜೊತೆಗೇ ಬಂದ, ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೇಲೆ 450 ವಾಟ್ ಎಂದಿದೆ. ಎಲ್ಲ ಭಾಗಗಳಿಗೂ ಬೇಕಾದ ವಾಟ್ ಕೂಡಿಸಿದರೂ 300 ದಾಟುವುದಿಲ್ಲ. ಅಂಗಡಿಯವರು 'ಇದೇ ಸಾಕು, ಒಂದು ಕನ್ವರ್ಟರ್ ಕೇಬಲ್ ಹಾಕಿಕೊಡ್ತೀನಿ' ಎನ್ನುತ್ತಾರೆ. ಬದಲಿಸಲೇಬೇಕಾ? ಮನೆಯಲ್ಲಿ 600 ವಿಎ ಯುಪಿಎಸ್ ಇದೆ, ಅದು ಸಾಕಾ?

ಉತ್ತರ: ಬದಲಿಸಲೇಬೇಕು. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಕಾರ್ಡ್‌ಗೆ 170 ವಾಟ್, ಪ್ರೊಸೆಸರ್‌ಗೆ 65, ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ ಇನ್ನೊಂದು 50. ಆದರೂ ಇದರ ಕಂಪನಿ ಎನ್ವಿಡಿಯಾ ಈ ಕಾರ್ಡ್‌ಗೆ 550 ವಾಟಿನ ಎಸ್‌ಎಂಪಿಎಸ್ ಬೇಕು ಅನ್ನುತ್ತದೆ. ಸುಮ್ನೆ ದೊಡ್ಡ ಸಂಖ್ಯೆ ಹೇಳಿದ್ದಾರೆ ಅನ್ನಿಸಬಹುದು, ಅಲ್ವಾ?

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಮೊಬೈಲ್ ಟಾರ್ಚ್ ಹಾಕಿ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. ಒಂದು ಪುಟ್ಟ ಕೋಷ್ಟಕ ಕಾಣುತ್ತದೆ. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಮನೆಗಳು, ಕೆಳಗೆ ಆಂಪಿಯರ್. ನಿಮಗೆ ಬೇಕಾದದ್ದು 12 ವೋಲ್ಟಿನದು ಮಾತ್ರ. ಈಗಿನ ಪ್ರೊಸೆಸರ್ ಮತ್ತು ಕಾರ್ಡ್ ಹೆಚ್ಚುಕಡಿಮೆ ಎಲ್ಲ ಕರೆಂಟನ್ನೂ ಅಲ್ಲಿಂದಲೇ ಎಳೆಯುತ್ತವೆ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಅಲ್ಲಿ 16 ಆಂಪಿಯರ್ ಎಂದಿದ್ದರೆ ಆಶ್ಚರ್ಯವಿಲ್ಲ. 12ನ್ನು 16ರಿಂದ ಗುಣಿಸಿ. 192 ವಾಟ್! ಮಿಕ್ಕಿದ್ದೆಲ್ಲ ಯಾರೂ ಕೇಳದ 3.3 ಮತ್ತು 5 ವೋಲ್ಟಿನ ಲೆಕ್ಕಕ್ಕೆ ಹೋಗಿರುತ್ತದೆ. ನೂರು ಎಲೆ ಹಾಕಿ ನಲವತ್ತು ಜನಕ್ಕೆ ಅನ್ನ ಮಾಡಿದ ಹಾಗೆ. ಒಳ್ಳೆಯ 550 ವಾಟಿನದರಲ್ಲಿ ಅದೇ ಜಾಗದಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವಾಟ್. 12 ವೋಲ್ಟಿಗೆ ಎರಡು ಮನೆ ಇದ್ದರೆ ಎರಡನ್ನೂ ಕೂಡಿಸಬೇಡಿ. ಎರಡೂ ಸೇರಿ ಗರಿಷ್ಠ ಇಷ್ಟು ಎಂದು ಕೆಳಗೆ ಬರೆದಿರುತ್ತಾರೆ, ಅದನ್ನೇ ನಂಬಿ.

ಇನ್ನೊಂದು ವಿಷಯ. 170 ಅನ್ನುವುದು ಸರಾಸರಿ. ಕಾರ್ಡ್ ಕಣ್ಣು ಮಿಟುಕಿಸುವುದಕ್ಕೂ ಕಡಿಮೆ ಹೊತ್ತಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆದು ಮತ್ತೆ ಇಳಿಯುತ್ತದೆ. ಬಲವಾದ ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆ. ಬಡಕಲು ಎಸ್‌ಎಂಪಿಎಸ್ ಅಲ್ಲೇ ಕೈ ಚೆಲ್ಲುತ್ತದೆ.

ಹಾಗೆ ಕೈ ಚೆಲ್ಲಿದ್ದನ್ನು ನಾನು ಸ್ವಂತ ದುಡ್ಡು ಕೊಟ್ಟು ಕಲಿತಿದ್ದೇನೆ. ಹಿಂದೊಮ್ಮೆ ನನ್ನ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿದೆ, ಎಸ್‌ಎಂಪಿಎಸ್ ಹಳೆಯದೇ ಇತ್ತು. ಟೈಪಿಂಗ್, ಬ್ರೌಸಿಂಗ್, ವಿಡಿಯೊ ಎಲ್ಲ ಸರಿ. ರೆಂಡರ್ (ಬ್ಲೆಂಡರಿನಂಥ ತಂತ್ರಾಂಶದಿಂದ ಅಂತಿಮ ಚಿತ್ರ ತೆಗೆಯುವ ಕೆಲಸ) ಕೊಟ್ಟ ಎರಡೇ ನಿಮಿಷಕ್ಕೆ ಟಕ್ ಅಂತ ಆಫ್, ತಾನೇ ರೀಸ್ಟಾರ್ಟ್. ವಿಂಡೋಸ್ ತಪ್ಪೆಂದು ಎರಡು ಸಲ ಹೊಸದಾಗಿ ಹಾಕಿದೆ. ರ‍್ಯಾಮ್ ಕಿತ್ತು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದೆ. ಕಾರ್ಡ್ ಕೊಟ್ಟವನ ಮೇಲೂ ಅನುಮಾನಪಟ್ಟೆ. ಕೊನೆಗೆ ಗೆಳೆಯನ ಎಸ್‌ಎಂಪಿಎಸ್ ತಂದು ಹಾಕಿದರೆ ರಾತ್ರಿಯಿಡೀ ರೆಂಡರ್ ಆಯಿತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದೆ. ನನ್ನದು ಖಾಲಿ ಬಿಸ್ಕತ್ತಿನ ಡಬ್ಬಿಯಷ್ಟು ಹಗುರ.

ಇನ್ನು ಆ ಕನ್ವರ್ಟರ್ ಕೇಬಲ್. ನಿಮ್ಮ 1050 ಟಿಐಗೆ ಬೋರ್ಡಿನ ಸ್ಲಾಟ್ ಕೊಡುವ 75 ವಾಟೇ ಸಾಕಾಗಿತ್ತು. 3060ಗೆ ಸಾಮಾನ್ಯವಾಗಿ 8 ಪಿನ್ನಿನ ಇನ್ನೊಂದು ಕೇಬಲ್ ಬೇಕು, ಅದು 150 ವಾಟಿನವರೆಗೆ ಸಾಗಿಸಬೇಕು. ಅಂಗಡಿಯವರು ಹೇಳುವುದು ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪವರ್ ತುದಿಯನ್ನು 8 ಪಿನ್ ಮಾಡುವ ತುಂಡು ಇರಬೇಕು. ಸಾಟಾ ತುದಿಯಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವಾಟ್. 54ರ ದಾರಿಯಲ್ಲಿ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಕೆಲವೊಮ್ಮೆ ಹೊಗೆಯೂ ಬರುತ್ತದೆ. ಎಸ್‌ಎಂಪಿಎಸ್‌ನಲ್ಲಿ 8 ಪಿನ್ನಿನ ಕೇಬಲ್ಲೇ ಇಲ್ಲ ಎಂದರೆ ತಯಾರಿಸಿದವರೇ 'ಇದು ನಮ್ಮ ಕೈಲಾಗದು' ಎಂದು ಒಪ್ಪಿಕೊಂಡಂತೆ.

ಯಾವುದು ಕೊಳ್ಳಬೇಕು? 550 ಸಾಕು. ಮುಂದೆ ಇನ್ನೂ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 650. 80 ಪ್ಲಸ್ ಬ್ರಾಂಜ್ ಗುರುತು ಇರಲಿ, ಆದರೆ ಅದೊಂದನ್ನೇ ನಂಬಬೇಡಿ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಪೋಲಾಗದೆ ಒಳಗೆ ಸೇರುತ್ತದೆ ಎಂಬುದಷ್ಟೇ ಅದರ ಅರ್ಥ. ಒಳಗಿನ ರಕ್ಷಣೆ ಹೇಗಿದೆ ಎಂಬುದನ್ನು ಅದು ಹೇಳುವುದಿಲ್ಲ. ನಾನಂತೂ ವಾರಂಟಿ ನೋಡುತ್ತೇನೆ. ಐದು ವರ್ಷ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೆ ಒಂದಿಷ್ಟು ಧೈರ್ಯ ಇರುತ್ತದೆ. ಒಂದೇ ಕಂಪನಿಯ ಒಂದು ಸರಣಿ ಚೆನ್ನಾಗಿದ್ದು ಇನ್ನೊಂದು ಸಾಧಾರಣ ಇರುವುದುಂಟು. ಹಾಗಾಗಿ ಹೆಸರಿನ ಜೊತೆ ಮಾಡೆಲ್ ಕೂಡ ವಿಚಾರಿಸಿ. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಕೊಳ್ಳುವುದಾದರೆ ಸೀಲ್ ಒಡೆಯದ ಬಾಕ್ಸ್ ಮತ್ತು ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದೆ ವಾರಂಟಿಗೆ ಓಡಾಡುವುದು ಕಷ್ಟ. ಕಾರ್ಡನ್ನು ಬಳಸಿದ್ದೇ ಕೊಳ್ಳಿ, ಬೇಡ ಅನ್ನುವುದಿಲ್ಲ. ಎಸ್‌ಎಂಪಿಎಸ್ ಮಾತ್ರ ಹೊಸದೇ ಇರಲಿ.

ಜೋಡಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಹಿಂದಿನ ನಾಲ್ಕು ಸ್ಕ್ರೂ ತೆಗೆದರೆ ಎಸ್‌ಎಂಪಿಎಸ್ ಹೊರಗೆ ಬರುತ್ತದೆ. ಆ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಜೋರಾಗಿ ಹೊಡೆಯಬಲ್ಲದು. ಹೊಸದರಲ್ಲಿ 8 ಪಿನ್ನಿನ ಎರಡು ತುದಿಗಳು ಅವಳಿಗಳ ಹಾಗೆ ಕಾಣುತ್ತವೆ. 4+4 ಆಗಿ ಸೀಳುವುದು ಪ್ರೊಸೆಸರಿಗೆ, 6+2 ಆಗಿ ಸೀಳುವುದು ಕಾರ್ಡ್‌ಗೆ. ಎರಡರ ಒಳಗೂ 12 ವೋಲ್ಟಿನ ತಂತಿ ತದ್ವಿರುದ್ಧ ಬದಿಯಲ್ಲಿದೆ. ಕೂರುತ್ತಿಲ್ಲ ಎಂದರೆ ಒತ್ತಬೇಡಿ, ತಪ್ಪು ತುದಿ ಹಿಡಿದಿದ್ದೀರಿ. ಕೇಬಲ್ ಬೇರೆ ಮಾಡಬಹುದಾದ ಎಸ್‌ಎಂಪಿಎಸ್ ಆದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಅದಕ್ಕೆ ಸಿಕ್ಕಿಸಬೇಡಿ. ಆ ಬದಿಯ ಪಿನ್ನುಗಳ ಜೋಡಣೆ ಕಂಪನಿಗೊಂದು ಥರ. ಒಂದು ಕೇಬಲ್ಲಿನ ತಪ್ಪಿಗೆ ಎಸ್‌ಎಸ್‌ಡಿ ಸುಟ್ಟು, ಪ್ರಾಜೆಕ್ಟ್ ಫೈಲುಗಳೆಲ್ಲ ಹೋದೀತು. ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇದೆ, ಅಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ ಕಾರ್ಡಿಗೇ ಸಿಕ್ಕಿಸಬೇಕು. ಕಾರ್ಡ್ ಕೊಳ್ಳುವ ಮೊದಲು ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಉದ್ದ ಅಳೆಯಿರಿ.

ಯುಪಿಎಸ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಬಹಳ ಜನ ಇದನ್ನು ಮರೆಯುತ್ತಾರೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟಿನದು. ಕಂಪ್ಯೂಟರ್ ಒಳಗೆ 285 ವಾಟ್ ಬೇಕಾದರೆ ಗೋಡೆಯಿಂದ ಸುಮಾರು 335 ಎಳೆಯುತ್ತದೆ, ಮೇಲೆ ಮಾನಿಟರ್ 25. ಅಲ್ಲಿಗೆ 360 ಮುಗಿಯಿತು. ರೆಂಡರ್ ನಡುವೆ ಕರೆಂಟ್ ಹೋದರೆ ಯುಪಿಎಸ್ ಒಮ್ಮೆ ಕೂಗಿ ತಾನೂ ಆಫ್ ಆಗಬಹುದು. 1000 ವಿಎ ತಂದರೆ ನಿಶ್ಚಿಂತೆ. ಈಗಲೇ ದುಡ್ಡಿಲ್ಲ ಎಂದರೆ ಎಸ್‌ಎಂಪಿಎಸ್ ಮೊದಲು, ಯುಪಿಎಸ್ ಆಮೇಲೆ.

ಪ್ರಶ್ನೆ: ಕಂಪನಿಯಿಂದ ಹೊರಬಂದ ಹಳೆಯ ಡೆಲ್ ಆಪ್ಟಿಪ್ಲೆಕ್ಸ್ ಕಂಪ್ಯೂಟರ್ ಕೊಂಡಿದ್ದೇನೆ, ಸಣ್ಣ ಪೆಟ್ಟಿಗೆಯದು. ಅದಕ್ಕೂ 550 ವಾಟ್ ಹಾಕಬಹುದೇ?

ಉತ್ತರ: ಬೇಡ, ಹಿಡಿಯುವುದೇ ಇಲ್ಲ. ಆ ಸಣ್ಣ ಪೆಟ್ಟಿಗೆಯ ಎಸ್‌ಎಂಪಿಎಸ್ ಅಳತೆಯೇ ಬೇರೆ. ಬೋರ್ಡಿಗೆ ಹೋಗುವ ಪ್ಲಗ್ ಕೂಡ ಹೆಚ್ಚಿನ ಮಾಡೆಲ್‌ಗಳಲ್ಲಿ ಮಾಮೂಲಿ 24 ಪಿನ್ನಿನದಲ್ಲ. ಹೊರಗೆ ಎಸ್‌ಎಂಪಿಎಸ್ ನೇತುಹಾಕಿ ಅಡಾಪ್ಟರ್ ಕೊಟ್ಟು ಓಡಿಸುವವರೂ ಇದ್ದಾರೆ. ನೋಡಲು ಮಜಾ, ಮನೆಯಲ್ಲಿ ಮಕ್ಕಳಿದ್ದರೆ ಭಯ. ಬೇರೆ ಪವರ್ ಕೇಬಲ್ ಬೇಡದ ಕಾರ್ಡ್ ಹುಡುಕಿ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವಾಟಿನಲ್ಲಿ ಮುಗಿಸುತ್ತದೆ. 8 ಜಿಬಿಯದು ಬೇರೆ, ಅದಕ್ಕೆ ಕೇಬಲ್ ಬೇಕು. ಅರ್ಧ ಎತ್ತರದ ಕಾರ್ಡನ್ನೇ ಕೇಳಿ ತೆಗೆದುಕೊಳ್ಳಿ, ಪೂರ್ತಿ ಎತ್ತರದ್ದಾದರೆ ಬಾಗಿಲು ಮುಚ್ಚುವುದಿಲ್ಲ.

ಪ್ರಶ್ನೆ: ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆಯೇ?

ಉತ್ತರ: ಹೆಚ್ಚಾಗಿ ಕೆಟ್ಟಿರುವುದು ಅರ್ತಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಅತಿ ಸಣ್ಣ ಪ್ರಮಾಣದ ಕರೆಂಟನ್ನು ಲೋಹದ ಮೈಗೆ ಬಿಡುತ್ತದೆ, ಅದು ಮೂರನೇ ಪಿನ್ನಿನಿಂದ ನೆಲಕ್ಕೆ ಇಳಿಯಬೇಕು. ಇಳಿಯಲು ದಾರಿ ಇಲ್ಲದಿದ್ದರೆ ನಿಮ್ಮ ಬೆರಳೇ ದಾರಿ. ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬಳಸುತ್ತಿದ್ದರೆ ಮೊದಲು ಅದನ್ನು ಎಸೆಯಿರಿ. ಇಲ್ಲವಾದರೆ ಎಲೆಕ್ಟ್ರಿಷಿಯನ್‌ನ ಕರೆಸಿ, ಆ ಸಾಕೆಟ್ಟಿನ ಫೇಸ್ ಮತ್ತು ಅರ್ತ್ ನಡುವೆ ಮೀಟರ್ ಹಿಡಿಸಿ. 230ರ ಹತ್ತಿರ ತೋರಿಸದಿದ್ದರೆ, ಅರ್ತ್ ಸರಿಯಾಗುವವರೆಗೆ ಕಂಪ್ಯೂಟರ್ ಆನ್ ಮಾಡಬೇಡಿ. ಅರ್ತ್ ಸರಿ ಇದ್ದೂ ಜುಮ್ ನಿಲ್ಲದಿದ್ದರೆ ಎಸ್‌ಎಂಪಿಎಸ್ ಬದಲಿಸಿಕೊಡಲು ಅಂಗಡಿಗೆ ಒಯ್ಯಿರಿ.