ಟೇಪೋ, ಫಿಲ್ಮೋ? ಹಳೆಯ ಬ್ರಿಟಿಷ್ ಟಿವಿ ಕಾರ್ಯಕ್ರಮಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ‘ಫಾಲ್ಟಿ ಟವರ್ಸ್’ ನೋಡುವಾಗ ಹೋಟೆಲಿನ ಒಳಗಿನ ದೃಶ್ಯ ಒಂದು ಥರ, ಪಾತ್ರ ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಇನ್ನೊಂದು ಥರ ಕಾಣುತ್ತದೆ. ಬಣ್ಣ ಮಂಕು, ಓಡಾಟವೂ ಬೇರೆ. ಇದು ನನ್ನ ಟಿವಿಯ ದೋಷವೇ?
– ಓದುಗರು, ಧಾರವಾಡ

ಉತ್ತರ: ಟಿವಿ ಚೆನ್ನಾಗಿದೆ. ವ್ಯತ್ಯಾಸ ಕಾಣದಿದ್ದರೇ ಚಿಂತಿಸಬೇಕಿತ್ತು.

‘ಫಾಲ್ಟಿ ಟವರ್ಸ್’ನಂಥ 1970ರ ದಶಕದ ಬಿಬಿಸಿ ಹಾಸ್ಯ ಧಾರಾವಾಹಿಗಳಿಗೆ ಎರಡು ಬಗೆಯ ಕ್ಯಾಮೆರಾ ಬಳಸುತ್ತಿದ್ದರು. ಸ್ಟುಡಿಯೊದೊಳಗೆ ಪ್ರೇಕ್ಷಕರನ್ನು ಕೂರಿಸಿ, ಹಲವು ಎಲೆಕ್ಟ್ರಾನಿಕ್ ಕ್ಯಾಮೆರಾಗಳಿಂದ ಎರಡು ಇಂಚು ಅಗಲದ ವಿಡಿಯೊ ಟೇಪಿಗೆ ರೆಕಾರ್ಡ್ ಮಾಡುತ್ತಿದ್ದರು. ಹೊರಾಂಗಣಕ್ಕೆ 16 ಎಂಎಂ ಫಿಲ್ಮ್ ಕ್ಯಾಮೆರಾ. ವಿಡಿಯೊ ಕ್ಯಾಮೆರಾವನ್ನು ಬೀದಿಗೆ ಒಯ್ಯಬೇಕೆಂದರೆ ದಪ್ಪ ಕೇಬಲ್ಲು, ಅದರ ತುದಿಗೆ ಯಂತ್ರಗಳು ತುಂಬಿದ ಒಂದು ವ್ಯಾನು ಬೇಕಿತ್ತು. ಫಿಲ್ಮ್ ಕ್ಯಾಮೆರಾವನ್ನು ಒಬ್ಬರು ಹೆಗಲ ಮೇಲೆ ಹೊತ್ತು ಹೋಗಬಹುದಿತ್ತು.

ಓಡಾಟ ಬೇರೆಯಾಗಿ ಕಾಣಲು ಕಾರಣ ಇಲ್ಲಿದೆ. ಬ್ರಿಟನ್ನಿನ ವಿಡಿಯೊ ಕ್ಯಾಮೆರಾ ಸೆಕೆಂಡಿಗೆ 50 ಸಲ ದೃಶ್ಯವನ್ನು ಹಿಡಿಯುತ್ತದೆ: ಒಮ್ಮೆ ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು. ಇಂಥ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ. ಟಿವಿಗಾಗಿ ಓಡುವ ಫಿಲ್ಮು ಹಿಡಿಯುವುದು ಸೆಕೆಂಡಿಗೆ 25 ಪೂರ್ಣ ಚಿತ್ರ. ಹಾಗಾಗಿ ಒಳಗೆ ನುಣುಪಾದ ಚಲನೆ, ಹೊರಗೆ ಸಿನಿಮಾದ ಚಲನೆ. ಈಗಿನ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ, ಮೋಷನ್ ಸ್ಮೂದಿಂಗ್ ಅಥವಾ ಆ ಕಂಪನಿ ಇಟ್ಟ ಬೇರೆ ಹೆಸರಿನಲ್ಲಿ. ಅದು ಚಾಲೂ ಇದ್ದರೆ ಹೊರಾಂಗಣವೂ ವಿಡಿಯೊದಂತೆ ಜಾರುತ್ತದೆ. ಆಫ್ ಮಾಡಿ.

ಹೊರಾಂಗಣದ ಭಾಗವನ್ನು ಮೊದಲೇ ಚಿತ್ರೀಕರಿಸಿ, ಸ್ಟುಡಿಯೊ ದಿನ ಪ್ರೇಕ್ಷಕರಿಗೆ ಮಾನಿಟರಿನಲ್ಲಿ ತೋರಿಸುತ್ತಿದ್ದರು. ಆದ್ದರಿಂದ ಬೀದಿಯ ದೃಶ್ಯಕ್ಕೆ ಕೇಳುವ ನಗುವೂ ಆ ಪ್ರೇಕ್ಷಕರದ್ದೇ. ಅಂದಹಾಗೆ, ಕಥೆ ನಡೆಯುವುದು ಇಂಗ್ಲೆಂಡಿನ ಕಡಲತೀರದ ಊರಾದ ಟಾರ್ಕಿಯಲ್ಲಾದರೂ ಹೊರಗಿನಿಂದ ಕಾಣುವ ಕಟ್ಟಡ ಇದ್ದದ್ದು ದೂರದ ಬಕಿಂಗ್‌ಹ್ಯಾಮ್‌ಶೈರಿನಲ್ಲಿ. ವೂಬರ್ನ್ ಗ್ರೇಂಜ್ ಎಂಬ ಆ ಕಟ್ಟಡ 1991ರಲ್ಲಿ ಬೆಂಕಿಗೆ ತುತ್ತಾಯಿತು.

ಪ್ರಶ್ನೆ: 1967ರ ‘ದಿ ಪ್ರಿಸನರ್’ ಬ್ಲೂ-ರೇಯಲ್ಲಿ ಕನ್ನಡಿಯಷ್ಟು ಸ್ಪಷ್ಟ. ಅದಕ್ಕಿಂತ 12 ವರ್ಷ ಈಚಿನ ‘ಫಾಲ್ಟಿ ಟವರ್ಸ್’ ಎರಡನೇ ಸರಣಿ ಮಸುಕು. ಹೊಸದೇ ಚೆನ್ನಾಗಿರಬೇಕಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ವಯಸ್ಸಿಗಿಂತ ಮುಖ್ಯ, ಯಾವುದರ ಮೇಲೆ ದಾಖಲಾಯಿತು ಎನ್ನುವುದು. ‘ದಿ ಪ್ರಿಸನರ್’ನ 17 ಕಂತುಗಳೂ ಸಿನಿಮಾಕ್ಕೆ ಬಳಸುವ 35 ಎಂಎಂ ಫಿಲ್ಮಿನಲ್ಲಿವೆ. ನೆಗೆಟಿವನ್ನು ಇವತ್ತಿನ ಸ್ಕ್ಯಾನರಿಗೆ ಹಾಕಿದರೆ ಅಂದಿನ ಟಿವಿ ಎಂದೂ ತೋರಿಸದಿದ್ದ ವಿವರ ಹೊರಬರುತ್ತದೆ. ಜೆರೆಮಿ ಬ್ರೆಟ್ ನಟಿಸಿದ ಗ್ರನಾಡಾ ಕಂಪನಿಯ ಷರ್ಲಾಕ್ ಹೋಮ್ಸ್ ಸರಣಿಯೂ (1984–94, 41 ಕಂತು) ಫಿಲ್ಮಿನದ್ದೇ. ವಿಡಿಯೊ ಟೇಪಿನಲ್ಲಿರುವುದು 625 ಗೆರೆಗಳ ಸಂಕೇತ. ಅದರಲ್ಲಿ ಚಿತ್ರ ಹೊರುವವು 576. ಅದಕ್ಕಿಂತ ಹೆಚ್ಚಿನ ವಿವರ ಆ ಟೇಪಿನಲ್ಲಿ ಇಲ್ಲವೇ ಇಲ್ಲ.

ಕೃತಕ ಬುದ್ಧಿಮತ್ತೆಯಿಂದ ‘4ಕೆ’ ಮಾಡಿದ ತುಣುಕುಗಳು ಈಗ ಎಲ್ಲೆಲ್ಲೂ ಇವೆ. ದಯವಿಟ್ಟು ಅವುಗಳಲ್ಲಿ ಈ ಧಾರಾವಾಹಿಗಳನ್ನು ನೋಡಬೇಡಿ. ತಂತ್ರಾಂಶ ಇಲ್ಲದ ವಿವರವನ್ನು ಊಹಿಸಿ ಬರೆಯುತ್ತದೆ. ಮುಖದ ಸುಕ್ಕು ಅಳಿದು ಮೇಣದಂತಾಗುತ್ತದೆ, ಹಿಂದಿನ ಗೋಡೆಯ ಬರಹ ಅರ್ಥವಿಲ್ಲದ ಗೀಟಾಗುತ್ತದೆ. ‘ಫಾಲ್ಟಿ ಟವರ್ಸ್’ನ ಮುಖ್ಯ ನಟ ಜಾನ್ ಕ್ಲೀಸ್ ಅವರ ಅಭಿನಯ ಅರ್ಧ ಇರುವುದು ಮುಖದ ಸ್ನಾಯುಗಳಲ್ಲಿ. ಅದನ್ನೇ ಒರೆಸಿಹಾಕಿದರೆ ಉಳಿಯುವುದೇನು?

ಪ್ರಶ್ನೆ: ಡಿವಿಡಿಯನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಬರುತ್ತವೆ. ಟಿವಿಯಲ್ಲಿ ಹಾಕಿದರೆ ಎಲ್ಲರೂ ದಪ್ಪಗಾಗುತ್ತಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಬಾಚಣಿಗೆ ಗೆರೆ ಎಂದರೆ ಎರಡು ಫೀಲ್ಡ್‌ಗಳನ್ನು ಒಂದೇ ಚಿತ್ರವಾಗಿ ತೋರಿಸುತ್ತಿರುವುದು. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ಮೆನು ತೆರೆದು ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್‌ನಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ. ಬರೀ ‘ಯಾಡಿಫ್’ ಆರಿಸಿದರೆ ಗೆರೆ ಹೋಗುತ್ತದೆ, ಜೊತೆಗೆ ಅರ್ಧ ಚಲನೆಯೂ ಹೋಗಿ ಸ್ಟುಡಿಯೊ ದೃಶ್ಯ ಫಿಲ್ಮಿನಂತೆ ಕಾಣುತ್ತದೆ.

ದಪ್ಪಗಾಗುವುದು 4:3 ಚಿತ್ರವನ್ನು (ಅಗಲ 4 ಪಾಲು, ಎತ್ತರ 3) ಅಗಲವಾದ 16:9 ಪರದೆಗೆ ಎಳೆದದ್ದರಿಂದ. ಟಿವಿಯಲ್ಲಿ 4:3 ಆರಿಸಿ, ಎರಡೂ ಪಕ್ಕ ಕಪ್ಪು ಪಟ್ಟಿ ಇರಲಿ. ‘ಜೂಮ್’ ಬೇಡ: ಅದು ಮೇಲೆ ಕೆಳಗೆ ಸೇರಿ ಚಿತ್ರದ ಎತ್ತರದ ಕಾಲು ಭಾಗವನ್ನು ಕತ್ತರಿಸುತ್ತದೆ.

ಡಿವಿಡಿ ಕೊಳ್ಳುವಾಗ ರೀಜನ್ ನೋಡಿ, ಅಂದರೆ ಅದು ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಎನ್ನುವ ಸಂಖ್ಯೆ: ಬ್ರಿಟನ್ನಿನದ್ದು ರೀಜನ್ 2, ಭಾರತದ್ದು 5. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ಬ್ರಿಟಿಷ್ ಮುದ್ರಣವನ್ನೇ ಕೊಳ್ಳಿ. ಅಮೆರಿಕದ ಮುದ್ರಣಕ್ಕೆ 50 ಫೀಲ್ಡ್‌ಗಳನ್ನು 60 ಮಾಡಿರುತ್ತಾರೆ. ಚಿತ್ರ ಮೆತ್ತಗಾಗಿ, ಕ್ಯಾಮೆರಾ ತಿರುಗಿದಾಗ ತಡವರಿಸುತ್ತದೆ.

ಪ್ರಶ್ನೆ: ‘ಡಾಕ್ಟರ್ ಹೂ’ವಿನ ಮೊದಲ ವರ್ಷಗಳ ಎಷ್ಟೋ ಕಂತುಗಳು ಇಲ್ಲವಂತೆ. ಬಿಬಿಸಿಯಂಥ ಸಂಸ್ಥೆ ಕಳೆದುಕೊಂಡಿದ್ದು ಹೇಗೆ?
– ಓದುಗರು, ಮಂಗಳೂರು

ಉತ್ತರ: ಕಳೆದುಕೊಂಡದ್ದಲ್ಲ, ಅಳಿಸಿದ್ದು. 1963ರ ನವೆಂಬರ್ 23ರಂದು ಶುರುವಾದ ಈ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಮೊದಲ ಆರು ಸರಣಿಗಳಲ್ಲಿ 253 ಕಂತುಗಳಿದ್ದವು. ಅವುಗಳಲ್ಲಿ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದು ಇಲ್ಲ.

ಎರಡು ಇಂಚಿನ ಟೇಪು ಬಹಳ ದುಬಾರಿ, ಆದರೆ ಅಳಿಸಿ ಮತ್ತೆ ಬಳಸಬಹುದಿತ್ತು. ಕಲಾವಿದರ ಸಂಘದೊಂದಿಗಿನ ಒಪ್ಪಂದ ಮರುಪ್ರಸಾರಕ್ಕೆ ಮಿತಿ ಹಾಕಿತ್ತು. ಮನೆಯಲ್ಲಿ ನೋಡಲು ಮಾರುವ ಕ್ಯಾಸೆಟ್ ಎಂಬುದೇ ಇರಲಿಲ್ಲ. 1969ರ ನವೆಂಬರ್‌ನಲ್ಲಿ ಬಿಬಿಸಿ 1 ಬಣ್ಣಕ್ಕೆ ತಿರುಗಿದ ಮೇಲೆ ಕಪ್ಪು-ಬಿಳುಪನ್ನು ಕೇಳುವವರೂ ಕಡಿಮೆಯಾದರು. ಫಿಲ್ಮ್ ಕಾಯಲು ಗ್ರಂಥಾಲಯವಿತ್ತು, ಟೇಪನ್ನು ಉಳಿಸುವ ಹೊಣೆ ಯಾರದ್ದೂ ಆಗಿರಲಿಲ್ಲ. ಅಳಿಸುವಿಕೆ ನಿಂತದ್ದು 1978ರ ಹೊತ್ತಿಗೆ.

ಉಳಿದವು ಉಳಿದದ್ದು ವಿದೇಶಿ ಮಾರಾಟದಿಂದ. ಎಲ್ಲ ದೇಶಗಳಲ್ಲೂ ಒಂದೇ ಬಗೆಯ ಟೇಪ್ ಯಂತ್ರ ಇರಲಿಲ್ಲ. 16 ಎಂಎಂ ಫಿಲ್ಮ್ ಯಂತ್ರ ಎಲ್ಲೆಡೆ ಇತ್ತು. ಹಾಗಾಗಿ ವಿಶೇಷ ಮಾನಿಟರಿನ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಪ್ರತಿ ತೆಗೆದು ಕಳಿಸುತ್ತಿದ್ದರು. ಒಂದು ದೇಶದಲ್ಲಿ ಪ್ರಸಾರ ಮುಗಿದ ಮೇಲೆ ಅದೇ ಪ್ರತಿ ಮುಂದಿನ ದೇಶಕ್ಕೆ ಹೋಗುತ್ತಿತ್ತು, ಇಲ್ಲವೇ ನಾಶವಾಗುತ್ತಿತ್ತು. ಹೀಗೆ ದಾರಿಯಲ್ಲಿ ಉಳಿದ ಡಬ್ಬಿಗಳು ನೈಜೀರಿಯಾದ ಜೋಸ್ ನಗರದಲ್ಲಿ ಸಿಕ್ಕಿ, ಇಲ್ಲವೆಂದುಕೊಂಡಿದ್ದ 9 ಕಂತುಗಳು 2013ರಲ್ಲಿ ಜನರ ಕಣ್ಣಿಗೆ ಬಿದ್ದವು.

ಇನ್ನೂ ದೊಡ್ಡ ಸಂಗತಿ ಒಂದಿದೆ. ಕಾಣೆಯಾದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಪ್ರಸಾರದ ವೇಳೆ ವೀಕ್ಷಕರು ಮನೆಯ ಟಿವಿಯಿಂದ ಸ್ಪೂಲ್ ಟೇಪ್ ರೆಕಾರ್ಡರಿಗೆ ಧ್ವನಿ ಹಿಡಿದಿಟ್ಟಿದ್ದರು. ಆ ಧ್ವನಿಯ ಮೇಲೆಯೇ ಇಂದು ಅನಿಮೇಷನ್ ಮಾಡಿ ಹಲವು ಕಥೆಗಳನ್ನು ಪೂರ್ತಿಗೊಳಿಸಿದ್ದಾರೆ. ಸಂಸ್ಥೆ ಅಳಿಸಿದ್ದನ್ನು ಮನೆಮಂದಿ ಉಳಿಸಿದರು ಎನ್ನುವುದು ನನಗೆ ಈ ಇಡೀ ವಿಷಯದ ಅತ್ಯಂತ ಹೃದಯಸ್ಪರ್ಶಿ ಭಾಗ.

ಬಣ್ಣದ ಕಂತು ಕಪ್ಪು-ಬಿಳುಪು ಫಿಲ್ಮಿನಲ್ಲಷ್ಟೇ ಉಳಿದದ್ದೂ ಉಂಟು. ಪ್ರತಿ ತೆಗೆಯುವಾಗ ಬಣ್ಣದ ಸಂಕೇತವನ್ನು ಸೋಸದೆ ಬಿಟ್ಟಿದ್ದರೆ, ಅದು ಚಿತ್ರದ ಮೇಲೆ ಸಣ್ಣ ಚುಕ್ಕಿಗಳ ಜಾಲವಾಗಿ ಮೂಡಿರುತ್ತದೆ. ಚುಕ್ಕಿಗಳನ್ನು ಕಂಪ್ಯೂಟರಿನಿಂದ ಓದಿ ಮೂಲ ಬಣ್ಣವನ್ನೇ ಮರಳಿ ತರುವ ವಿಧಾನದಿಂದ ಬಿಬಿಸಿಯ ಹಾಸ್ಯ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ಯ ಒಂದು ಕಂತು 2008ರಲ್ಲಿ ಬಣ್ಣ ಪಡೆಯಿತು. ಅದು ಮೇಲೆ ಬಳಿದ ಬಣ್ಣವಲ್ಲ. ಆ ಧಾರಾವಾಹಿಯ 80 ಕಂತುಗಳಲ್ಲಿ ಮೂರು ಈಗಲೂ ಇಲ್ಲ.

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದ್ದಾಗ ಟಿವಿಯಿಂದ ರೆಕಾರ್ಡ್ ಮಾಡಿದ ಸುಮಾರು 40 ವಿಎಚ್‌ಎಸ್ ಕ್ಯಾಸೆಟ್ ಮೈಸೂರಿನ ಮನೆಯಲ್ಲಿವೆ. ಅಲ್ಲಿಂದ ತಂದ ವಿಸಿಆರನ್ನು ಆಂಟೆನಾ ಕೇಬಲ್ಲಿನಿಂದ ಇಲ್ಲಿನ ಹಳೇ ಟಿವಿಗೆ ಕೊಟ್ಟರೆ ಚಿತ್ರ ಬರುತ್ತದೆ, ಮಾತು ಕೇಳದೆ ಬರೀ ಗೊರಗೊರ. ಇವನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಎರಡೂ ದೇಶಗಳ ಹಳೆಯ ಟಿವಿ ಪ್ರಸಾರ ಪಾಲ್ ಎಂಬ ಒಂದೇ ಬಣ್ಣದ ಪದ್ಧತಿಯದ್ದು. ಆದರೆ ಆ ಪ್ರಸಾರದಲ್ಲಿ ಚಿತ್ರಕ್ಕೂ ಧ್ವನಿಗೂ ನಡುವಿನ ಅಂತರ ಬ್ರಿಟನ್ನಿನಲ್ಲಿ 6 ಮೆಗಾಹರ್ಟ್ಸ್ ಇತ್ತು, ಇಲ್ಲಿ 5.5. ನಿಮ್ಮ ಟಿವಿ ಧ್ವನಿಯನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದೆ. ಆಂಟೆನಾ ಕೇಬಲ್ ಬಿಟ್ಟು, ಚಿತ್ರ ಮತ್ತು ಧ್ವನಿಯನ್ನು ಬೇರೆ ಬೇರೆ ತಂತಿಯಲ್ಲಿ ಒಯ್ಯುವ ಎವಿ ಕೇಬಲ್ ಹಾಕಿ, ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕ್ಯಾಸೆಟ್ಟಿನೊಳಗೆ ಈ ವ್ಯತ್ಯಾಸ ಇರುವುದಿಲ್ಲ, ಇಲ್ಲಿನ ವಿಸಿಆರ್ ಕೂಡ ಅದನ್ನು ಓದುತ್ತದೆ.

ಇಳಿಸುವ ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಅಥವಾ ಬಲೆಯಂತಿದ್ದರೆ ಅದು ಬೂಷ್ಟು. ಅಂಥದ್ದನ್ನು ವಿಸಿಆರಿಗೆ ಹಾಕಲೇಬೇಡಿ: ಟೇಪನ್ನು ಓದುವ ಹೆಡ್ಡಿಗೆ ಅಂಟಿ ಮುಂದಿನ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಮೈಸೂರಿನ ಮಳೆಗಾಲ ದಾಟಿದ ಪೆಟ್ಟಿಗೆಯಲ್ಲಿ ಒಂದೆರಡಾದರೂ ಹೀಗಿರುತ್ತವೆ, ಬೇರೆ ಇಡಿ. ಚೆನ್ನಾಗಿರುವುದನ್ನು ಒಮ್ಮೆ ಕೊನೆವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಕೂತ ಸುರುಳಿಯ ಬಿಗಿ ಸಮವಾಗುತ್ತದೆ.

ಹೆಡ್ ಒರೆಸಲು ತುದಿಯಲ್ಲಿ ನಾರು ಬಿಡದ ಚರ್ಮವಿರುವ ಕಡ್ಡಿಯೂ 99% ಐಸೊಪ್ರೊಪೈಲ್ ಆಲ್ಕೊಹಾಲೂ ಬೇಕು. ಪ್ಲಗ್ ತೆಗೆದು, ಕಡ್ಡಿಯನ್ನು ಅಲುಗಿಸದೆ ಹಿಡಿದು, ಹೆಡ್ ಕೂತಿರುವ ಡ್ರಮ್ಮನ್ನು ಮೇಲಿನಿಂದ ಬೆರಳಿನಲ್ಲಿ ನಿಧಾನ ತಿರುಗಿಸಿ. ಮೇಲೆ-ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯ ನಾರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಣಗಲು ಕಾಲು ಗಂಟೆ ಬಿಡಿ.

ವಿಸಿಆರಿಗೂ, ಅದರ ಸಂಕೇತವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಧನಕ್ಕೂ ನಡುವೆ, ಗೆರೆಗಳ ಸಮಯವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರಬೇಕು. ಅದು ದುಬಾರಿ, ಕೆಲವು ಹಳೆಯ ಡಿವಿಡಿ ರೆಕಾರ್ಡರುಗಳ ಮೂಲಕ ಸಂಕೇತ ಹಾಯಿಸಿದರೂ ಅದೇ ಕೆಲಸ ಬಹುಮಟ್ಟಿಗೆ ಆಗುತ್ತದೆ. ಹಿಗ್ಗಿದ ಟೇಪಿನಲ್ಲಿ ಪ್ರತಿ ಗೆರೆಯೂ ಸ್ವಲ್ಪ ಹಿಂದೆ ಮುಂದೆ ಬರುತ್ತದೆ. ಇದು ಸರಿಯಾಗದಿದ್ದರೆ ಚಿತ್ರದ ಮೇಲ್ತುದಿ ಬಾಗುತ್ತದೆ, ಸಾಧನ ಚಿತ್ರಗಳನ್ನು ಬಿಟ್ಟುಬಿಡುತ್ತದೆ, ಒಂದು ಗಂಟೆಯ ಕೊನೆಗೆ ತುಟಿ ಒಂದು ಕಡೆ ಮಾತು ಒಂದು ಕಡೆ.

ರೆಕಾರ್ಡಿಂಗ್ 720×576, ಸೆಕೆಂಡಿಗೆ 25 ಚಿತ್ರ, ಇಂಟರ್‌ಲೇಸ್ಡ್ (ಎರಡೆರಡು ಫೀಲ್ಡ್ ಹೆಣೆದದ್ದು) ಆಗಿಯೇ ಇರಲಿ, ಧ್ವನಿ 48 ಕಿಲೊಹರ್ಟ್ಸ್. ಹಫ್‌ವೈಯುವಿಯಂಥ ನಷ್ಟವಿಲ್ಲದ ಬಗೆಯಲ್ಲಿ ಗಂಟೆಗೆ ಸುಮಾರು 30 ಜಿಬಿ ಬೇಕು, ಸ್ವಲ್ಪ ನಷ್ಟವಿರುವ ಡಿವಿ ಬಗೆಯಲ್ಲಿ 13. ನೋಡಿದಾಗ ಚಲನೆ ಹಿಂದಕ್ಕೂ ಮುಂದಕ್ಕೂ ಕುಣಿದರೆ ಫೀಲ್ಡ್ ಕ್ರಮ ತಿರುಗಿದೆ ಎಂದರ್ಥ: ಡಿವಿಯಲ್ಲಿ ಕೆಳ ಫೀಲ್ಡ್ ಮೊದಲು, ಪಾಲ್‌ನ ಉಳಿದ ಹೆಚ್ಚಿನವುಗಳಲ್ಲಿ ಮೇಲಿನದು ಮೊದಲು. ಚಿತ್ರದ ಬುಡದಲ್ಲಿ ಕಾಣುವ ಹರಿದ ಪಟ್ಟಿ ದೋಷವಲ್ಲ. ಅದು ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವ ಜಾಗ, ಹಳೇ ಟಿವಿಯಲ್ಲಿ ಚೌಕಟ್ಟಿನ ಹಿಂದೆ ಮರೆಯಾಗಿರುತ್ತಿತ್ತು.

ಜಾಹೀರಾತು, ವಾರ್ತೆಯ ತುಣುಕು, ನಿರೂಪಕರ ಮಾತು ಯಾವುದನ್ನೂ ಕತ್ತರಿಸಬೇಡಿ. ಧಾರಾವಾಹಿ ಡಿವಿಡಿಯಲ್ಲಿ ಸಿಗುತ್ತದೆ. ಆ ಸಂಜೆಯ ಉಳಿದದ್ದು ನಿಮ್ಮ ಕ್ಯಾಸೆಟ್ಟಿನಲ್ಲಿ ಮಾತ್ರ ಇರಬಹುದು.

ಪ್ರಶ್ನೆ: ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಒಟ್ಟು ಎಷ್ಟು ಕಂತು? ನಮ್ಮಲ್ಲಿ ಇದರ ಅನುಕರಣೆ ಬಂದಿತ್ತೇ?
– ಓದುಗರು, ದಾವಣಗೆರೆ

ಉತ್ತರ: 42. ಲಂಡನ್ ವೀಕೆಂಡ್ ಟೆಲಿವಿಷನ್ 1977ರಿಂದ 79ರವರೆಗೆ 29 ಮಾಡಿತು, 1986ರಲ್ಲಿ ಮತ್ತೆ 13 ಬಂದವು. ಹಿಂದಿಯಲ್ಲಿ 1993ರಲ್ಲಿ ಪಂಕಜ್ ಕಪೂರ್ ಅವರ ‘ಜಬಾನ್ ಸಂಭಾಲ್ ಕೆ’ ಬಂತು. ಹಾಗೆಯೇ ಬಿಬಿಸಿಯ ಹಾಸ್ಯ ಧಾರಾವಾಹಿ ‘ಎಸ್ ಮಿನಿಸ್ಟರ್’ 2001ರಲ್ಲಿ ಫಾರೂಕ್ ಶೇಖ್ ಅವರ ‘ಜೀ ಮಂತ್ರೀಜಿ’ಯಾಯಿತು.

ಪ್ರಶ್ನೆ: ಗುಜರಿ ಅಂಗಡಿಯಲ್ಲಿ ‘ಬಿಬಿಸಿ’ ಎಂದು ಚೀಟಿ ಇರುವ ಫಿಲ್ಮ್ ಡಬ್ಬಿ ಸಿಕ್ಕಿದೆ. ತೆರೆದರೆ ಹುಳಿ ವಾಸನೆ. ಪ್ರೊಜೆಕ್ಟರಿನಲ್ಲಿ ಹಾಕಿ ನೋಡಲೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ವಿನಿಗರಿನಂಥ ವಾಸನೆ ಎಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ. ಆಗ ಫಿಲ್ಮ್ ಕುಗ್ಗಿ, ಅಂಚಿನ ರಂಧ್ರಗಳ ಅಂತರ ಕಡಿಮೆಯಾಗಿರುತ್ತದೆ. ಪ್ರೊಜೆಕ್ಟರಿನ ಹಲ್ಲು ಅವನ್ನು ಹರಿದುಹಾಕುತ್ತದೆ.

ಹತ್ತಿ ಕೈಗವಸು ಹಾಕಿ, ಮೊದಲ ಕೆಲವು ಅಡಿ ಮಾತ್ರ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಶೀರ್ಷಿಕೆ ಕಂಡರೆ ಫೋಟೊ ತೆಗೆಯಿರಿ. ಸುರುಳಿಯ ಉದ್ದವೂ ಸುಳಿವು ಕೊಡುತ್ತದೆ: 16 ಎಂಎಂನಲ್ಲಿ ಅಡಿಗೆ 40 ಚಿತ್ರ, ಆದ್ದರಿಂದ 25 ನಿಮಿಷದ ಕಂತಿಗೆ ಸುಮಾರು 940 ಅಡಿ. ಬೇರೆ ಫಿಲ್ಮುಗಳಿಂದ ದೂರ, ತಂಪಾದ ಒಣ ಜಾಗದಲ್ಲಿ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಸಲ್ಲದು, ಹುಳಿ ಆವಿ ಒಳಗೇ ನಿಂತು ಕೊಳೆತ ಇನ್ನೂ ಬೇಗ ಆಗುತ್ತದೆ. ಶೀರ್ಷಿಕೆ ಓದಲಾದರೆ ಬಿಬಿಸಿಯ ಪತ್ರಾಗಾರಕ್ಕೋ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿಗೋ ಫೋಟೊ ಸಮೇತ ಬರೆಯಿರಿ. ಡಬ್ಬಿ ತುಕ್ಕು ಹಿಡಿದು ಬದಲಿಸಬೇಕಾದರೂ ಅದರ ಮೇಲಿನ ಚೀಟಿಯನ್ನು ಫಿಲ್ಮಿನ ಜೊತೆಗೇ ಇಡಿ. ಆ ಪ್ರತಿ ಯಾವ ದೇಶಕ್ಕೆ ಹೋಗಿತ್ತು, ಎಲ್ಲಿಂದ ಬಂತು ಎನ್ನುವುದು ಅದರಲ್ಲೇ ಬರೆದಿರಬಹುದು.