ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಏನಿರಬೇಕು, ಏನಿರಬಾರದು?

ಪ್ರಶ್ನೆ: ಮಾನ್ಯರೆ, ನಿವೃತ್ತಿಯಾದ ಮೇಲೆ ಹಳೆಯ ಡೀಸೆಲ್ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಅದರಲ್ಲಿ ಮಲಗಲು ಮಂಚ, ಸಣ್ಣ ಅಡುಗೆಕಟ್ಟೆ, ನೂರು ಲೀಟರಿನ ನೀರಿನ ಟ್ಯಾಂಕ್ ಮತ್ತು ದೀಪ, ಫ್ಯಾನುಗಳಿಗೆಂದು ಪ್ರತ್ಯೇಕ ಬ್ಯಾಟರಿಯನ್ನು ಮಾಡಿಸಿಕೊಂಡಿದ್ದೇನೆ. ದೀಪಾವಳಿಯ ನಂತರ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮಗಳನ್ನು ನೋಡಿ ಬಂದೆವು. ಯುಗಾದಿಗೆ ಮತ್ತೆ ಹೊರಡಬೇಕೆಂದು ಬಾಗಿಲು ತೆಗೆದರೆ ಎರಡೂ ಬ್ಯಾಟರಿಗಳು ಸತ್ತಿದ್ದವು, ಜೋಳದ ಹಿಟ್ಟಿಗೆ ನುಸಿ ಹಿಡಿದಿತ್ತು, ಟ್ಯಾಂಕಿನ ನೀರು ನಾರುತ್ತಿತ್ತು, ಇಲಿಗಳು ಹಾಸಿಗೆಯ ಹತ್ತಿ ಎಳೆದು ಗೂಡು ಕಟ್ಟಿದ್ದವು. ಪ್ರತಿ ಸಲ ಎಲ್ಲ ಸಾಮಾನುಗಳನ್ನು ಇಳಿಸಿ ಏರಿಸುವುದು ನಮ್ಮಿಬ್ಬರ ವಯಸ್ಸಿಗೆ ಆಗದ ಕೆಲಸ. ದಯವಿಟ್ಟು ದಾರಿ ತಿಳಿಸಿ.
– ಓದುಗರೊಬ್ಬರು, ವಿಜಯಪುರ

ಉತ್ತರ: ಎಲ್ಲವನ್ನೂ ಇಳಿಸುವ ಅಗತ್ಯವಿಲ್ಲ. ಬಿಸಿಲಿಗೆ ಕೆಡದ, ಇಲಿಗೆ ಬೇಡದ ವಸ್ತುಗಳು ಗಾಡಿಯಲ್ಲಿಯೇ ಇರಲಿ. ಉಳಿದವು ಮನೆಯಿಂದ ಬಂದು ಮನೆಗೇ ಮರಳಲಿ. ಸ್ಟೀಲ್ ಪಾತ್ರೆ, ಲಟ್ಟಣಿಗೆ, ಬಕೆಟ್, ಹಗ್ಗ, ಜಾಕ್, ಪಾನಾಗಳು, ಬೆಂಕಿ ಆರಿಸುವ ಸಿಲಿಂಡರ್ ಇವು ಮೊದಲನೆಯ ಗುಂಪಿಗೆ ಸೇರಿದವು. ಟಾರ್ಚನ್ನೂ ಸೆಲ್ಲು ತೆಗೆದು ಬಿಡಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಿಮ್ಮೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಮುಚ್ಚಿದ ಗಾಡಿಯ ಒಳಗಿನ ಕಾವು ಅದಕ್ಕಿಂತ ಬಹಳ ಹೆಚ್ಚಾಗಿರುತ್ತದೆಯಾದ್ದರಿಂದ ಔಷಧಿ, ಸ್ಯಾನಿಟೈಸರ್, ಲೈಟರ್, ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್‌ಗಳನ್ನು ಒಂದು ದಿನವೂ ಅಲ್ಲಿ ಬಿಡಬೇಡಿ. ಸಾಬೂನು, ಮೇಣದಬತ್ತಿಗಳನ್ನೂ ಇಲಿ ಕಡಿಯುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಅಡುಗೆಯ ಸಾಮಾನಿಗೆ ನಾನು ಹೇಳುವ ಕ್ರಮ ಟ್ರಂಕಿನದು. ಒಬ್ಬರೇ ಎತ್ತಬಹುದಾದ ಎರಡು ಸಣ್ಣ ತಗಡಿನ ಟ್ರಂಕುಗಳನ್ನು ಗೊತ್ತು ಮಾಡಿ, ಚಹಾಪುಡಿ, ಸಕ್ಕರೆ, ಉಪ್ಪು, ಬೇಳೆ, ಅವಲಕ್ಕಿ, ರವೆಗಳನ್ನು ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ ಅವುಗಳಲ್ಲಿಡಿ. ಟ್ರಂಕಿನ ಮುಚ್ಚಳದ ಒಳಬದಿಗೆ ಸಾಮಾನುಗಳ ಪಟ್ಟಿಯನ್ನು ಅಂಟಿಸಿ, ಪ್ರವಾಸದಿಂದ ಮರಳಿದ ದಿನವೇ ತೀರಿದ್ದಕ್ಕೆ ಗುರುತು ಹಾಕಿ, ಮುಂದಿನ ಸಂತೆಯಲ್ಲಿ ತಂದು ತುಂಬಿಬಿಟ್ಟರೆ, ಹೊರಡುವ ದಿನ ಎರಡು ಟ್ರಂಕು ಏರಿಸುವಷ್ಟೇ ಕೆಲಸ ಉಳಿಯುತ್ತದೆ. ಟ್ರಂಕುಗಳು ಮನೆಯ ತಂಪಾದ ಕೋಣೆಯಲ್ಲಿರಲಿ. ಜೋಳದ ಹಿಟ್ಟನ್ನು ಮಾತ್ರ ಎಂದೂ ದಾಸ್ತಾನು ಮಾಡಬೇಡಿ. ನಮ್ಮ ಹಿರಿಯರು ಹಗೇವಿನಲ್ಲಿ ಕೂಡಿಟ್ಟದ್ದು ಕಾಳನ್ನೇ ಹೊರತು ಹಿಟ್ಟನ್ನಲ್ಲ. ಬೀಸಿದ ಹಿಟ್ಟು ಕೆಲವೇ ವಾರಗಳಲ್ಲಿ ಕಹಿಯಾಗುತ್ತದೆ. ಅದರ ಬದಲು ಹೊರಡುವ ಮುನ್ನ ಖಡಕ್ ರೊಟ್ಟಿ ಮಾಡಿ ಅರಿವೆಯಲ್ಲಿ ಕಟ್ಟಿಕೊಳ್ಳುವುದು ಎಷ್ಟೋ ಮೇಲು. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಕಾವಿಗೆ ಬೇಗ ಕಮಟು ಹಿಡಿಯುತ್ತವೆ. ಅವನ್ನೂ ಆಯಾ ಪ್ರವಾಸಕ್ಕೆ ಹೊಸದಾಗಿ ಕುಟ್ಟಿಕೊಳ್ಳಿ.

ಬ್ಯಾಟರಿಯ ವಿಷಯದಲ್ಲಿ ನಿಮ್ಮ ನಷ್ಟ ದೊಡ್ಡದು, ಆದರೆ ತಪ್ಪಿಸಬಹುದಾದದ್ದು. ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರ್ಮ್, ಜಿಪಿಎಸ್ ಮುಂತಾದವು ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ, ಮೇಲಾಗಿ ಬ್ಯಾಟರಿಯು ತಾನಾಗಿಯೂ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಹೀಗೆ ಖಾಲಿಯಾಗಿ ನಿಂತ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾದರೆ ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಆದ್ದರಿಂದ ಗಾಡಿ ನಿಲ್ಲಿಸುವಾಗ ಎರಡೂ ಬ್ಯಾಟರಿಗಳನ್ನು ತುಂಬ ಚಾರ್ಜ್ ಮಾಡಿ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ತಿಂಗಳಿಗೊಮ್ಮೆ ಮೀಟರ್ ಹಚ್ಚಿ ನೋಡಿ: 12.6 ವೋಲ್ಟ್ ಇದ್ದರೆ ತುಂಬಿದೆ, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಬೇಕು, 12ರ ಕೆಳಗೆ ಹೋಗಲು ಬಿಡಲೇಬಾರದು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಬಂದ್ ಮಾಡುವ ರೂಢಿ ಒಳ್ಳೆಯದಲ್ಲ; ಚಾಲೂ ಮಾಡಲು ಖರ್ಚಾದ ವಿದ್ಯುತ್ತು ಅಷ್ಟರಲ್ಲಿ ಮರಳಿ ತುಂಬುವುದಿಲ್ಲ, ಎಂಜಿನ್ ಆಯಿಲ್ ಕಾಯದೆ ತೇವ ಉಳಿಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ತಂತಿ ಜೋಡಿಸಿ ಸೋಲಾಪುರ ರಸ್ತೆಯಲ್ಲಿ ಅರ್ಧ ತಾಸು ಓಡಿಸಿ ತಂದರೆ ಎಂಜಿನ್ನಿಗೂ ಟೈರಿಗೂ ಹಿತ. ನಿಲ್ಲಿಸುವಾಗ ಡೀಸೆಲ್ ಟ್ಯಾಂಕ್ ತುಂಬಿರಲಿ. ಖಾಲಿ ಜಾಗದ ಗಾಳಿಯಲ್ಲಿನ ತೇವ ನೀರಾಗಿ ಇಳಿಯುವುದು ಅದರಿಂದ ಕಡಿಮೆಯಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಅಂಟಿಕೊಳ್ಳುವುದುಂಟು. ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿ ನಿಲ್ಲಿಸಿ ಗಾಲಿಗಳಿಗೆ ಕಲ್ಲು ಕೊಡಿ.

ನೀರಿನ ಟ್ಯಾಂಕನ್ನು ಪೂರ್ಣ ಖಾಲಿ ಮಾಡಿ, ಮುಚ್ಚಳ ತೆಗೆದು ಒಣಗಿಸಿ, ಮತ್ತೆ ಮುಚ್ಚಿಡಿ. ಮುಂದಿನ ಪ್ರವಾಸಕ್ಕೆ ಮೊದಲು ನೂರು ಲೀಟರ್ ನೀರಿಗೆ ಸುಮಾರು 15 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಬೇರೆ ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಹಾಕಿ, ನಲ್ಲಿಗಳಲ್ಲೂ ಹರಿಸಿ, ನಾಲ್ಕು ತಾಸು ಬಿಟ್ಟು ಚೆಲ್ಲಿ, ವಾಸನೆ ಹೋಗುವವರೆಗೆ ತೊಳೆಯಿರಿ. ಈಗ ನಾರುತ್ತಿರುವ ಟ್ಯಾಂಕಿಗೂ ಇದೇ ಮದ್ದು.

ಇಲಿಗೆ ವಿಷ ಇಡಬೇಡಿ, ಒಳಗೇ ಎಲ್ಲೋ ಸತ್ತರೆ ವಾಸನೆ ತಾಳಲಾರಿರಿ. ತಂತಿ, ಪೈಪುಗಳು ಒಳಗೆ ಬರುವ ತೂತುಗಳನ್ನು ಕಬ್ಬಿಣದ ಜಾಳಿಗೆಯಿಂದ ಮುಚ್ಚಿಸಿ. ಮರಿ ಇಲಿಗೆ ಪೆನ್ಸಿಲ್ ದಪ್ಪದ ಸಂದು ಸಾಕು. ಹೊರಡುವ ಮುನ್ನ ಬಾನೆಟ್ ಎತ್ತಿ ತಂತಿಗಳನ್ನು ತಪ್ಪದೆ ನೋಡಿ, ಏಕೆಂದರೆ ಕಡಿದ ತಂತಿಯಿಂದ ಗಾಡಿಗೆ ಬೆಂಕಿ ಹತ್ತಬಹುದು.

ಗ್ಯಾಸ್ ಸಿಲಿಂಡರನ್ನು ಗಾಡಿಯಿಂದ ಇಳಿಸಲೇಬೇಕು, ಇದರಲ್ಲಿ ರಾಜಿ ಇಲ್ಲ. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರಿ ಹೋಗದೆ ಗಾಡಿಯ ನೆಲದಲ್ಲಿಯೇ ತುಂಬಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಕ್ಯಾಂಪರ್ ವ್ಯಾನಿಗೆ ಮಳೆಗಾಲದಲ್ಲಿ ತಾಡಪತ್ರಿ ಬಿಗಿದು ಕಟ್ಟಿಟ್ಟಿದ್ದೆವು. ಆದರೂ ಹಾಸಿಗೆಗೆ ಬೂಸ್ಟು ಬಂದಿದೆ. ಕಾರಣವೇನು?
– ಓದುಗರೊಬ್ಬರು, ಬೆಳಗಾವಿ

ಉತ್ತರ: ತಾಡಪತ್ರಿಯೇ ಕಾರಣ. ವಿಜಯಪುರದವರಿಗೆ ಬಿಸಿಲು, ಧೂಳು ವೈರಿಯಾದರೆ ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವೇ ವೈರಿ. ಪ್ಲಾಸ್ಟಿಕ್ ಹೊದಿಕೆ ಮಳೆಯನ್ನು ತಡೆಯುವಂತೆಯೇ ಒಳಗಿನ ತೇವವನ್ನೂ ಹೊರಹೋಗದಂತೆ ತಡೆಯುತ್ತದೆ. ಸಾಧ್ಯವಾದರೆ ತಗಡಿನ ಶೆಡ್ ಹಾಕಿಸಿ, ಇಲ್ಲವಾದರೆ ತಾಡಪತ್ರಿಯನ್ನು ಗಾಡಿಗೆ ತಾಗದಂತೆ ಚಪ್ಪರದ ಹಾಗೆ ಎತ್ತರದಲ್ಲಿ ಕಟ್ಟಿ, ಜಾಳಿಗೆ ಇರುವ ಕಿಟಕಿಗಳನ್ನು ಒಂದು ಬೆರಳಿನಷ್ಟು ತೆರೆದಿಡಿ. ಹಾಸಿಗೆ, ಪರದೆಗಳು ಮಳೆಗಾಲ ಮುಗಿಯುವವರೆಗೆ ಮನೆಯಲ್ಲಿರಲಿ. ಫ್ರಿಜ್ಜನ್ನು ಒರೆಸಿ ಒಣಗಿಸಿ, ಅದರ ಬಾಗಿಲು ಪೂರ್ಣ ಮುಚ್ಚದಂತೆ ನಡುವೆ ಮಡಿಚಿದ ಅರಿವೆಯೊಂದನ್ನು ಸಿಕ್ಕಿಸಿ, ಬಿಸಿಲು ಬಿದ್ದ ದಿನ ಗಾಡಿಯ ಎಲ್ಲ ಬಾಗಿಲುಗಳನ್ನೂ ಎರಡು ತಾಸು ತೆರೆದಿಡಿ.