2009ರಲ್ಲಿ ಆಸ್ಟ್ರೇಲಿಯಾ ‘ಲೆಫ್ಟ್ 4 ಡೆಡ್ 2’ ಎಂಬ ವಿಡಿಯೋ ಗೇಮ್‌ನ ಮಾರಾಟಕ್ಕೆ ಅಡ್ಡಿ ಮಾಡಿದ್ದೇಕೆ?

ವಯಸ್ಕರ ಆಟಗಳಿಗೆಂದೇ ಒಂದು ದರ್ಜೆ ಅಲ್ಲಿ ಆಗ ಇರಲಿಲ್ಲ, ಅದೇ ಮುಖ್ಯ ಕಾರಣ. ಸಿನಿಮಾಗಳಿಗೆ 18 ವರ್ಷ ಮೇಲ್ಪಟ್ಟವರ ದರ್ಜೆ ಇತ್ತು. ವಿಡಿಯೋ ಗೇಮ್‌ಗಳಿಗೆ ಮಾತ್ರ 15ರ ದರ್ಜೆಯೇ ಕೊನೆಯ ಮೆಟ್ಟಿಲು. ಹಿಂಸೆ ಆ ಮಿತಿ ದಾಟಿತು ಎಂದರೆ ಸರ್ಕಾರದ ವರ್ಗೀಕರಣ ಮಂಡಳಿ ದರ್ಜೆ ಕೊಡಲು ನಿರಾಕರಿಸುತ್ತಿತ್ತು. ದರ್ಜೆ ಸಿಗದ ಆಟವನ್ನು ಮಾರುವುದು ಕಾನೂನುಬಾಹಿರ. ಅಂದರೆ ‘ಹದಿನೈದರ ಹುಡುಗರಿಗೆ ಬೇಡ’ ಎಂಬ ತೀರ್ಮಾನ ನಲವತ್ತರವರಿಗೂ ನಿಷೇಧವಾಗುತ್ತಿತ್ತು. ನನ್ನ ಮಟ್ಟಿಗೆ ಇದು ಸ್ಪಷ್ಟ ಅನ್ಯಾಯ.

ಈ ಆಟದಲ್ಲಿ ಸೋಂಕು ತಗುಲಿ ಜೊಂಬಿಗಳಂತಾದವರ ಕೈಕಾಲು, ತಲೆ ಕತ್ತರಿಸುವ ದೃಶ್ಯಗಳಿದ್ದವು. ಕೊನೆಗೆ ಅವನ್ನು ತೆಗೆದು, ಹೆಣಗಳು ನೆಲಕ್ಕೆ ಬಿದ್ದೊಡನೆ ಮಾಯವಾಗುವಂತೆ ಮಾಡಿದ ಆವೃತ್ತಿಯನ್ನು ಅಲ್ಲಿ ಬಿಡುಗಡೆ ಮಾಡಿದರು.

ನಿಯಮ ಬದಲಿಸುವುದು ಸುಲಭವಿರಲಿಲ್ಲ. ಎಲ್ಲ ರಾಜ್ಯಗಳ ಅಟಾರ್ನಿ ಜನರಲ್‌ಗಳೂ (ಅಲ್ಲಿ ಇವರು ಕಾನೂನು ಸಚಿವರು) ಒಪ್ಪಬೇಕಿತ್ತು. ದಕ್ಷಿಣ ಆಸ್ಟ್ರೇಲಿಯಾದ ಮೈಕಲ್ ಅಟ್ಕಿನ್ಸನ್ ವರ್ಷಗಟ್ಟಲೆ ಒಪ್ಪಲಿಲ್ಲ; ಮಕ್ಕಳ ಕೈಗೆ ಇಂಥ ಆಟಗಳು ಸಿಗುತ್ತವೆ ಎಂಬುದು ಅವರ ಆತಂಕ. 2010ರಲ್ಲಿ ಅವರು ಹುದ್ದೆ ಬಿಟ್ಟರು. 2013ರ ಜನವರಿ 1ರಿಂದ ಆಟಗಳಿಗೂ 18ರ ದರ್ಜೆ ಬಂತು. 2014ರಲ್ಲಿ ಇದೇ ಆಟದ ಕತ್ತರಿ ಬೀಳದ ಆವೃತ್ತಿಗೆ ಆ ದರ್ಜೆ ಸಿಕ್ಕಿತು.